ಉಲ್ಟಾ ಕೂತ ಕೇಬಲ್ಲು

ಪುಣೆಯ ಹಡಪಸರದಲ್ಲಿ ತಗಡಿನ ಶೆಡ್ಡುಗಳ ಒಂದು ಸಾಲಿದೆ. ಅಲ್ಲಿ ಮಲ್ಲಮ್ಮ ಎಂಬ ಹೆಣ್ಣುಮಗಳ ಸ್ಪ್ರಿಂಗ್ ಕಾರ್ಖಾನೆ ಇತ್ತು. ಈಗ ಅದೇ ಶೆಡ್ಡಿನಲ್ಲಿ ಯಾರೋ ಚೀಲಗಳ ಗೋದಾಮು ಮಾಡಿದ್ದಾರೆ. ಮಲ್ಲಮ್ಮ ಬೇರೆಯವರ ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಆಕೆಯ ಕಾರ್ಖಾನೆ ಮುಚ್ಚಿದ್ದಕ್ಕೆ ಹೇಳಿಕೊಳ್ಳುವಂಥ ದೊಡ್ಡ ಕಾರಣವೇನೂ ಇಲ್ಲ. ಹಳೆಯ ಕಂಪ್ಯೂಟರೊಂದರ ಒಳಗೆ ಮೂರು ಬೆರಳಗಲದ ಕೇಬಲ್ಲು ಉಲ್ಟಾ ಕೂತಿತ್ತು, ಅದನ್ನು ಯಾರೂ ಕಿತ್ತು ನೋಡಲಿಲ್ಲ. ನಾನು ಕಿತ್ತು ನೋಡುವ ಹೊತ್ತಿಗೆ ಯಂತ್ರ ಒಯ್ಯುವ ಟೆಂಪೊ ಬಾಗಿಲಿಗೆ ಬಂದು ನಿಂತಿತ್ತು.

ನಾನು ಮಂದಾಕಿನಿ. ಹುಟ್ಟಿದ್ದು ಧಾರವಾಡ, ಕೂದಲು ಬೆಳ್ಳಗಾದದ್ದು ಪುಣೆಯಲ್ಲಿ, ಕಂಪ್ಯೂಟರ್ ರಿಪೇರಿ ಮಾಡುತ್ತ. ನಿವೃತ್ತಿಯಾದ ಮೇಲೆ ಕೊಂಢವಾದಲ್ಲಿ ನಮ್ಮ ಮನೆಯ ಹತ್ತಿರದ ತರಬೇತಿ ಕೇಂದ್ರದವರು ಒಮ್ಮೆ ಕರೆದರು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಿಮ್ಮ ಅನುಭವ ಹೇಳಿ ಮೇಡಮ್ ಎಂದರು. ಶಾಲು ಹೊದಿಸಿದರು, ಹೂ ಕೊಟ್ಟರು. ನಾನೂ ಶ್ರದ್ಧೆ, ಶಿಸ್ತು, ಪರಿಶ್ರಮ ಅಂತ ಚೆಂದ ಚೆಂದ ಮಾತಾಡಿ ಬಂದೆ. ಮನೆಗೆ ಬಂದು ಚಹಾ ಕುಡಿಯುವಾಗ ನನ್ನ ಮೇಲೇ ಸಿಟ್ಟು ಬಂತು. ಹೇಳಬೇಕಾದ್ದು ಒಂದನ್ನೂ ಹೇಳಿರಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ. ಬಡ್ತಿ ಸಿಕ್ಕ ವಿಚಾರಗಳನ್ನು ಬಿಟ್ಟಿದ್ದೇನೆ, ಅವು ಇದ್ದದ್ದೂ ಅಷ್ಟಕ್ಕಷ್ಟೇ.

ನಾನು ಡಿಪ್ಲೊಮಾ ಮುಗಿಸಿ ಪುಣೆಯ ಕ್ಯಾಂಪ್ ಪ್ರದೇಶದಲ್ಲಿದ್ದ ಒಂದು ಸರ್ವಿಸ್ ಕಂಪನಿಗೆ ಸೇರಿದಾಗ ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗುವ ಕಾಲ. ಜನಕ್ಕೆ ಫ್ಯಾನು ಇರುತ್ತಿರಲಿಲ್ಲ, ಕಂಪ್ಯೂಟರಿಗೆ ಏಸಿ ಇರುತ್ತಿತ್ತು. ನಾನು ಟೂಲ್ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತರೆ ಎಲ್ಲರೂ ನನ್ನ ಬೆನ್ನ ಹಿಂದೆ ನೋಡುವವರು. “ತಾಈ, ಇಂಜಿನಿಯರ್ ಕಧೀ ಯೇಣಾರ?” ಅಕ್ಕಾ, ಇಂಜಿನಿಯರ್ ಯಾವಾಗ ಬರುತ್ತಾರೆ ಎಂದು ಮರಾಠಿಯಲ್ಲಿ ಕೇಳುವವರು. “ಆಲೀ ಆಹೇ,” ಬಂದಿದ್ದಾಳೆ, ಎನ್ನುತ್ತಿದ್ದೆ. ಒಬ್ಬ ಬ್ಯಾಂಕ್ ಮ್ಯಾನೇಜರ್ ಅಂತೂ ನನಗೆ ನೀರು ಕೊಟ್ಟು, ಸಾಹೇಬರು ಬರೋತನಕ ಕೂತಿರಿ ಎಂದರು. ನೀರು ಕುಡಿದೆ, ಕಂಪ್ಯೂಟರ್ ಬಿಚ್ಚಿದೆ, ಸರಿಮಾಡಿ ಹೊರಟೆ. ಬಾಗಿಲತನಕ ಬಂದು ಕಳಿಸುವಾಗ ಆ ಪುಣ್ಯಾತ್ಮ, “ಹಾಗಾದರೆ ಸಾಹೇಬರು ಇವತ್ತು ಬರುವುದಿಲ್ಲವೇ?” ಎಂದು ಕೇಳಿದರು.

ನಮ್ಮ ಸರ್ವಿಸ್ ಮ್ಯಾನೇಜರ್ ದಾಂಡೇಕರ ಅಂತ. ಹಳೆಯ ಪುಣೆಯ ಸದಾಶಿವ ಪೇಠೆಯ ಮನುಷ್ಯ, ಮಾತೂ ಅರ್ಧ, ಚಹಾವೂ ಅರ್ಧ ಕಪ್ಪು. ಅವರದೊಂದು ಕಟ್ಟಪ್ಪಣೆ ಇತ್ತು. ಗಿರಾಕಿಯ ಎದುರಿಗೆ ಡಿಸ್ಕು ಸತ್ತಿದೆ ಎಂಬ ಮಾತು ಯಾರೂ ಆಡಬಾರದು. ಕಂಪ್ಯೂಟರಿಗೆ ಡಿಸ್ಕು ಕಾಣುತ್ತಿಲ್ಲ ಎನ್ನಬೇಕು. ಹಾಗೆ ಅನ್ನುವ ಮೊದಲೂ ಒಳಗಿನ ಪ್ರತಿಯೊಂದು ಕೇಬಲ್ಲನ್ನು ಕಿತ್ತು, ನೋಡಿ, ಮತ್ತೆ ಕೂರಿಸಬೇಕು. ಯಾರಾದರೂ ಆಫೀಸಿಗೆ ಬಂದು, ಸರ್, ಡಿಸ್ಕು ಹೋಗಿದೆ ಎಂದರೆ ಅವರ ಮೊದಲ ಪ್ರಶ್ನೆ ಒಂದೇ, ಕೇಬಲ್ಲು ಕಿತ್ತು ಹಾಕಿದೆಯಾ? ಸುಮ್ಮನೆ ತಲೆ ಅಲ್ಲಾಡಿಸಿದರೆ ಬೆರಳು ತೋರಿಸು ಎನ್ನುವರು. ಹಳೆಯ ಕೇಬಲ್ಲು ಕಿತ್ತ ಬೆರಳಿಗೆ ಧೂಳು ಹತ್ತಿರಲೇಬೇಕು.

ಈ ಕೇಬಲ್ಲಿನ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದು ತಿಳಿಯಲು ಬೇಕು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಎರಡು ಕಡೆಯಿಂದ ಸಂಬಂಧ. ಒಂದು ಕರೆಂಟಿನದು. ಇನ್ನೊಂದು ಅಗಲವಾದ ಪಟ್ಟಿಯಂಥ ಕೇಬಲ್ಲು, ಬರೆದದ್ದು ಓದಿದ್ದು ಎಲ್ಲ ಅದರಲ್ಲೇ ಹರಿದಾಡಬೇಕು. ಅದರ ಒಂದು ಅಂಚಿಗೆ ಕೆಂಪು ಗೆರೆ ಇರುತ್ತದೆ. ಗೆರೆ ಇದ್ದ ಬದಿ ಡಿಸ್ಕಿನ ಮೊದಲನೆಯ ಪಿನ್ನಿನ ಕಡೆಗೇ ಬರಬೇಕು. ಆಮೇಲಿನ ಕೇಬಲ್ಲುಗಳು ಉಲ್ಟಾ ಹಾಕಲು ಹೋದರೆ ಒಳಗೆ ಹೋಗುವುದೇ ಇಲ್ಲ, ಅಡ್ಡ ಒಂದು ಗುಬುಟು ಇಟ್ಟಿರುತ್ತಾರೆ. ಆಗಿನವಕ್ಕೆ ಎಷ್ಟೋ ಕಡೆ ಅದು ಇರುತ್ತಿರಲಿಲ್ಲ, ಹೇಗೆ ಹಾಕಿದರೂ ಪಾಪ ಕೂರುತ್ತಿದ್ದವು. ಉಲ್ಟಾ ಕೂತರೆ ಡಿಸ್ಕು ತಿರುಗುತ್ತದೆ, ಮುಂದಿನ ಕೆಂಪು ದೀಪ ಹತ್ತಿದ್ದು ಆರುವುದೇ ಇಲ್ಲ, ಪರದೆಯ ಮೇಲೆ ಡಿಸ್ಕ್ ಫೇಲ್ಯೂರ್ ಎಂದು ಬರುತ್ತದೆ. ಬರೀ ಪರದೆ ಓದುವವನು ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತಾನೆ.

ನಾನೇ ಅಂದುಕೊಂಡಿದ್ದೇನೆ. ಹೊಸದರಲ್ಲಿ ಒಂದು ಹಾಲಿನ ಡೇರಿಗೆ ಹೋಗಿ, ಧೂಳು ಹೊಡೆದು, ಕೇಬಲ್ಲನ್ನು ಉಲ್ಟಾ ಹಾಕಿ, ಡಿಸ್ಕು ಹೋಯಿತು ಎಂದು ಎಲ್ಲರ ಮುಂದೆ ಸಾರಿದೆ. ಡೇರಿಯ ಅಧ್ಯಕ್ಷರೇ ಬಂದರು, ಕ್ಲಾರ್ಕುಗಳು ಸಾವಿನ ಮನೆಗೆ ಬಂದವರ ಹಾಗೆ ಸುತ್ತ ನಿಂತರು. ದಾಂಡೇಕರ ಸಾಹೇಬರು ಸ್ಕೂಟರಿನಲ್ಲಿ ಬಂದು ಕೇಬಲ್ಲು ತಿರುಗಿಸಿ ಹಾಕಿದರು, ಕಂಪ್ಯೂಟರ್ ಶುರುವಾಯಿತು. ಗಿರಾಕಿಯ ಎದುರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮೆಟ್ಟಿಲಿಳಿಯುವಾಗ, “ಮಂದಾ, ನಾಡಿ ಹಿಡಿಯದೆ ಹೆಣ ಅನ್ನಬೇಡ,” ಎಂದರು. ಆಮೇಲೆ ದಾರಿಯಲ್ಲಿ ವಡಾಪಾವ್ ಕೊಡಿಸಿದರು.

ಪುಣೆಯಲ್ಲಿ ದಸರೆಯ ಮರುದಿನ ನಮಗೆ ಸುಗ್ಗಿ. ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಇಲ್ಲಿಯ ಕಾರ್ಖಾನೆಗಳಲ್ಲಿ ಲೇಥ್ ಮಶೀನಿನಿಂದ ಹಿಡಿದು ಸ್ಟೇಪ್ಲರಿನವರೆಗೆ ಎಲ್ಲಕ್ಕೂ ಅರಿಷಿಣ ಕುಂಕುಮ, ಚೆಂಡು ಹೂವು. ಕಂಪ್ಯೂಟರನ್ನು ಬಿಡುತ್ತಾರೆಯೇ? ಫ್ಲಾಪಿ ಹಾಕುವ ಬಾಯಿಗೆ ಅಕ್ಷತೆ ಹಾಕಿದವರಿದ್ದರು. ಕೀಬೋರ್ಡಿನ ಮುಂದೆಯೇ ತೆಂಗಿನಕಾಯಿ ಒಡೆದವರಿದ್ದರು. ಹೂವಿನ ಮಾಲೆಯ ದಾರ ಫ್ಯಾನಿಗೆ ಸುತ್ತಿಕೊಂಡು ಹೊಗೆ ಬಂದದ್ದನ್ನು ನೋಡಿ, ದೇವರು ಧೂಪ ಸ್ವೀಕರಿಸಿದ ಎಂದು ಕೈಮುಗಿದ ಒಬ್ಬ ಪ್ರೆಸ್ಸಿನ ಮಾಲೀಕರನ್ನೂ ಕಂಡಿದ್ದೇನೆ. ನಾನು ಬೈಯುತ್ತಲೇ ಸರಿಮಾಡುತ್ತಿದ್ದೆ, ಕೊಟ್ಟ ಪೇಢೆಯನ್ನೂ ತಿನ್ನುತ್ತಿದ್ದೆ. ಪೂಜೆ ಮಾಡಬೇಡಿ ಎಂದು ಒಬ್ಬರಿಗೂ ಹೇಳಲಿಲ್ಲ. ಅನ್ನ ಕೊಡುವ ವಸ್ತುವಿಗೆ ಕೈಮುಗಿಯುವವರು ಅದನ್ನು ಜೋಪಾನವಾಗಿಯೂ ಇಡುತ್ತಾರೆ ಎಂಬುದನ್ನು ನೋಡಿದ್ದೆ.

ಕೆಲವು ಡಿಸ್ಕುಗಳು ಬಹಳ ದಿನ ಸುಮ್ಮನಿದ್ದರೆ ಒಳಗೇ ಅಂಟಿಕೊಂಡು ತಿರುಗುತ್ತಲೇ ಇರಲಿಲ್ಲ. ಮಕ್ಕಳ ಡಾಕ್ಟರೊಬ್ಬರು ಮೇ ತಿಂಗಳ ರಜೆಯಿಂದ ಬಂದಾಗ ಹಾಗಾಗಿತ್ತು. ನಾನು ಡಿಸ್ಕನ್ನು ಕೈಯಲ್ಲಿ ಹಿಡಿದು, ಮಣಿಕಟ್ಟು ಒಮ್ಮೆ ಚುರುಕಾಗಿ ತಿರುವಿ, ಬದಿಗೆ ಮೆಲ್ಲಗೆ ತಟ್ಟಿದೆ. ಜುಂಯ್ ಅಂತ ಎದ್ದಿತು. ಡಾಕ್ಟರು ನಕ್ಕು, ಹುಟ್ಟಿದ ಮಗು ಅಳದಿದ್ದರೆ ನಾವೂ ಇಷ್ಟೇ ಮಾಡುವುದು ಎಂದರು. ಆ ದಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಬಂದದ್ದು ನೆನಪಿದೆ. ನನ್ನ ಕೆಲಸ ನನಗೆ ಭಾಳ ಸೇರುತ್ತಿತ್ತು.

ದಾಂಡೇಕರ ಸಾಹೇಬರು ನಿವೃತ್ತರಾದರು. ಬಂದ ಹೊಸ ಮ್ಯಾನೇಜರು ಒಳ್ಳೆಯವರೇ, ದನಿ ಏರಿಸಿ ಮಾತಾಡಿದವರಲ್ಲ. ಆದರೆ ಅವರ ಲೆಕ್ಕ ಬೇರೆ. ಡಿಸ್ಕು ಅಗ್ಗವಾಗುತ್ತಿದೆ, ಇಂಜಿನಿಯರಿನ ಹೊತ್ತು ತುಟ್ಟಿಯಾಗುತ್ತಿದೆ. ಅರ್ಧ ತಾಸಿನಲ್ಲಿ ದೋಷ ಸಿಗದಿದ್ದರೆ ಹೊಸದು ಹಾಕಿ, ಹಳೆಯದನ್ನು ತಂದು ಒಪ್ಪಿಸಿ ಎಂದರು. ಒಪ್ಪಿಸಿದ ಡಿಸ್ಕಿಗೆ ಗೋದಾಮಿನಲ್ಲಿ ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದರು, ಒಳಗಿನದು ಯಾರ ಕೈಗೂ ಹೋಗದಿರಲಿ ಎಂದು. ಕಂಪನಿಯ ಕಡೆಯಿಂದ ನೋಡಿದರೆ ತಪ್ಪೆನ್ನುವಂತಿಲ್ಲ. ಗಿರಾಕಿಯ ಕಡೆಯಿಂದ ಯಾರೂ ನೋಡಲಿಲ್ಲ.

ಮನೆಗಳ ನಕ್ಷೆ ಬರೆಯುವ ಒಬ್ಬರ ಕಂಪ್ಯೂಟರಿಗೆ ನಮ್ಮ ಹುಡುಗರು ಹೀಗೇ ಹೊಸ ಡಿಸ್ಕು ಹಾಕಿ ಬಂದರು. ಮರುದಿನ ಆ ಮನುಷ್ಯ ಆಫೀಸಿಗೆ ಬಂದು, “ನನ್ನ ನಕ್ಷೆಗಳು ಹಳೆಯದರಲ್ಲಿ ಇದ್ದವು, ಒಮ್ಮೆ ತೆಗೆದು ಕೊಡಿ,” ಎಂದರು. ಅಷ್ಟರಲ್ಲಿ ತೂತು ಬಿದ್ದಾಗಿತ್ತು. ಅವರು ಜಗಳ ಆಡಲಿಲ್ಲ. ಆ ತೂತು ಬಿದ್ದ ಡಿಸ್ಕನ್ನೇ ಕೊಡಿ ಎಂದು ಕೇಳಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಅದಕ್ಕೆ ನಿಜವಾಗಿ ಏನಾಗಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಕೇಬಲ್ಲೂ ಆಗಿರಬಹುದಿತ್ತು. ನಾನು ಮಾತ್ರ ಹಟ ಹಿಡಿದು ಕಿತ್ತು ನೋಡುತ್ತಿದ್ದೆ, ಅದಕ್ಕೆ ಆಫೀಸಿನಲ್ಲಿ ನನಗೆ ನಿಧಾನದ ಮಂದಾ ಎಂಬ ಹೆಸರು ಬಂತು. ನಮ್ಮ ನಂತರ ಬಂದವರಿಗೆ ಕಿತ್ತು ನೋಡುವುದನ್ನು ಯಾರೂ ಕಲಿಸಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಇನ್ನು ಮಲ್ಲಮ್ಮನ ವಿಚಾರ.

ಜಗತಾಪ ಎಂಬುವರು ಹಳೆಯ ಯಂತ್ರಗಳ ವ್ಯಾಪಾರಿ. ಮುಚ್ಚಿದ ಕಾರ್ಖಾನೆಗಳಿಂದ ಯಂತ್ರ ಕೊಂಡು, ರಿಪೇರಿ ಮಾಡಿಸಿ, ಬೇಕಾದವರಿಗೆ ಮಾರುತ್ತಾರೆ. ಹಳೆಯ ಕಂಪ್ಯೂಟರ್ ಜೋಡಿಸಿದ ಯಂತ್ರವೇನಾದರೂ ಸಿಕ್ಕರೆ ನಿವೃತ್ತಿಯಾದ ನನ್ನನ್ನು ಕರೆಯುವುದು ಅವರ ರೂಢಿ. ಹೋದ ದೀಪಾವಳಿ ಕಳೆದ ಮೇಲೆ ಫೋನು ಮಾಡಿ, ಹಡಪಸರದಲ್ಲಿ ಒಂದು ಸ್ಪ್ರಿಂಗ್ ಮಶೀನು ಕೊಂಡಿದ್ದೇನೆ, ಕಂಪ್ಯೂಟರ್ ಸತ್ತಿದೆಯಂತೆ, ಟೆಂಪೊಗೆ ಏರಿಸುವ ಮೊದಲು ಒಮ್ಮೆ ನೋಡಿ ಹೋಗಿ ತಾಈ ಎಂದರು. ಯಾರದು, ಯಾಕೆ ಮಾರಿದರು ಎಂದು ನಾನೂ ಕೇಳಲಿಲ್ಲ.

ಶೆಡ್ಡಿನಲ್ಲಿ ಆ ಯಂತ್ರ ಒಂದೇ ಉಳಿದಿತ್ತು, ಮಿಕ್ಕದ್ದೆಲ್ಲ ಖಾಲಿ. ಮಗ್ಗುಲಲ್ಲಿ ಒಬ್ಬ ಹೆಣ್ಣುಮಗಳು ಡಬ್ಬದ ಮೇಲೆ ಕೂತಿದ್ದಳು. ಜಗತಾಪರ ಹತ್ತಿರ ಒಬ್ಬ ಗಂಡಸು ನಿಂತಿದ್ದ, ಆಕೆಯ ಮೈದುನ ನಾಗಪ್ಪ. ನಾನು ಮರಾಠಿಯಲ್ಲಿ ಏನೋ ಕೇಳುತ್ತ ಬ್ಯಾಗು ಬಿಚ್ಚುತ್ತಿದ್ದೆ. ಆಕೆ ಮೈದುನನಿಗೆ, “ನಾಗಪ್ಪಾ, ಇವರಿಗಿ ಚಾ ತರಸು,” ಎಂದಳು.

“ಕನ್ನಡದವರೇನ್ವಾ?” ಎಂದೆ.

“ಹೌದ್ರಿ. ಯಾದಗಿರಿ ಕಡಿಯವರು. ನೀವು?”

“ನಾ ಧಾರವಾಡದಾಕಿ.”

ಆಕೆ ಡಬ್ಬ ಸರಿಸಿಕೊಂಡು ಹತ್ತಿರ ಬಂದು ಕೂತಳು. ಮನಸ್ಸಿನಲ್ಲಿದ್ದದ್ದನ್ನು ಹೇಳಲು ಯಾರಾದರೂ ಸಿಗಲಿ ಎಂದು ಕಾಯುತ್ತಿದ್ದ ಹಾಗಿತ್ತು. ಆಕೆಯ ಗಂಡ ಶರಣಪ್ಪ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬದ ಮಗ. ಒಂದು ಕಾರ್ಖಾನೆಯಲ್ಲಿ ಈ ಯಂತ್ರದ ಮೇಲೇ ಕೆಲಸ ಕಲಿತ. ಆ ಕಾರ್ಖಾನೆ ಮುಚ್ಚಿದಾಗ ಯಂತ್ರವನ್ನು ತಾನೇ ಕೊಂಡು ಈ ಶೆಡ್ಡು ಹಾಕಿದ. ಪುಣೆಯ ಹೊರಗಿನ ರಾಂಜಣಗಾಂವದ ಒಂದು ಕಂಪನಿಗೆ ಸ್ವಿಚ್ಚುಗಳ ಒಳಗಿನ ಸಣ್ಣ ಸ್ಪ್ರಿಂಗು ಮಾಡಿ ಕೊಡುತ್ತಿದ್ದ. ತಂತಿ ಎಷ್ಟು ಎಳೆಯಬೇಕು, ಎಷ್ಟು ಸುತ್ತು ಸುತ್ತಬೇಕು, ಎಲ್ಲಿ ಕತ್ತರಿಸಬೇಕು ಎಂಬುದನ್ನು ಒಂದೊಂದು ಸ್ಪ್ರಿಂಗಿಗೂ ಕೆಡಿಸಿ ಕೆಡಿಸಿ ಕಂಡುಹಿಡಿದು ಕಂಪ್ಯೂಟರಿನಲ್ಲಿ ಇಟ್ಟಿದ್ದ. ಅವನ ಅಷ್ಟು ವರ್ಷದ ಕೆಲಸವೆಲ್ಲ ಆ ಡಿಸ್ಕಿನಲ್ಲಿತ್ತು. ಎರಡು ವರ್ಷದ ಕೆಳಗೆ ಎದೆನೋವು ಬಂದು ತೀರಿಕೊಂಡ. ಅಲ್ಲಿಯವರೆಗೆ ಸ್ಪ್ರಿಂಗು ಎಣಿಸಿ ಚೀಲ ತುಂಬುತ್ತಿದ್ದ ಮಲ್ಲಮ್ಮ ತಾನೇ ಯಂತ್ರದ ಮುಂದೆ ನಿಂತು, ಇಬ್ಬರು ಆಳುಗಳನ್ನಿಟ್ಟುಕೊಂಡು ಕಾರ್ಖಾನೆ ನಡೆಸಿದಳು. ಆರ್ಡರು ಒಂದೂ ತಪ್ಪಲಿಲ್ಲವಂತೆ.

“ಹಂಗಾದ್ರ ಯಾಕ ಮಾರಿದ್ರಿ?” ಎಂದೆ.

“ಖಂಡೇನವಮಿಗೆ ಪೂಜಿ ಮಾಡಿದ್ನಿ ರೀ,” ಎಂದಳು.

ಶರಣಪ್ಪನ ಪೂಜೆಯ ರೀತಿಯೇ ಬೇರೆ ಇತ್ತು. ವರ್ಷಕ್ಕೊಮ್ಮೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಧೂಳು ಒರೆಸಿ, ಒಳಗಿನ ಡಿಸ್ಕಿಗೇ ಕುಂಕುಮ ಹಚ್ಚುತ್ತಿದ್ದನಂತೆ. “ಹೊರಗ ಹಚ್ಚಿದ್ರ ತಗಡಿಗಿ ಹಚ್ಚಿದಂಗ, ಜೀವ ಒಳಗದ ಅಂತಿದ್ರು ರೀ,” ಎಂದಳು. ಅವನು ಹೋದ ಮೊದಲ ವರ್ಷ ಹಬ್ಬ ಮಾಡಲಿಲ್ಲ. ಈ ವರ್ಷ ತಾನೇ ಮಾಡುತ್ತೇನೆಂದು ಹೊರಟಳು. ಗಂಡನಿಲ್ಲದಾಕಿ ಅರಿಷಿಣ ಕುಂಕುಮ ಮುಟ್ಟಬಾರದು, ನಾಗಪ್ಪ ಮಾಡಲಿ ಎಂದು ಅತ್ತೆ ಹೇಳಿದರು. ಮಶೀನು ನಡೆಸುವ ಕೈ ಪೂಜೆಗೆ ಬೇಡವಾಯಿತೇ ಎಂದು ಮಲ್ಲಮ್ಮ ಕೇಳಲಿಲ್ಲ. ಗಂಡ ಮಾಡುತ್ತಿದ್ದ ಹಾಗೆಯೇ ಮುಚ್ಚಳ ಬಿಚ್ಚಿ, ಅಡ್ಡ ಬಂದ ಕೇಬಲ್ಲು ಕಿತ್ತು, ಒರೆಸಿ, ಕುಂಕುಮ ಹಚ್ಚಿ, ಮತ್ತೆ ಸಿಕ್ಕಿಸಿ ಮುಚ್ಚಿದಳು. ಹಬ್ಬ ಮುಗಿದು ಯಂತ್ರ ಹಚ್ಚಿದರೆ ಕಂಪ್ಯೂಟರ್ ಏಳಲಿಲ್ಲ. ಕರೆಸಿದ ಸರ್ವಿಸಿನವನು ಪರದೆ ಓದಿ, ಡಿಸ್ಕು ಸತ್ತಿದೆ, ಇಂಥದ್ದು ಈಗ ಸಿಗುವುದಿಲ್ಲ ಎಂದು ಹೇಳಿ ಹೋದ. ಮುಚ್ಚಳವನ್ನೂ ತೆಗೆಯಲಿಲ್ಲವಂತೆ. ಅವನು ಸತ್ತಿದೆ ಎಂದ ಮಾತು ಮನೆಯಲ್ಲಿ ಬೇರೆಯೇ ಆಯಿತು.

“ಅತ್ತಿ ಅಂದ್ರು ರೀ, ಬ್ಯಾಡ ಅಂದ್ರೂ ಮುಟ್ಟಿದಿ, ನನ್ನ ಮಗಂದು ಇದ್ದದ್ದೊಂದು ಅದೂ ಹೋತು ಅಂತ.” ಮಲ್ಲಮ್ಮ ನನ್ನ ಮುಖ ನೋಡಿದಳು. “ಅಕ್ಕಾರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕುಂಕುಮಕ್ಕ ಹಿಂಗ ಆಗ್ತದೇನ್ರಿ? ನನ್ನ ಕೈಗೇ ಆಯ್ತೇನ್ರಿ?”

ನೋಡಿ ಹೇಳುತ್ತೇನೆ ಎಂದೆ. ಕರೆಂಟು ಕೊಟ್ಟೆ. ಡಿಸ್ಕು ತಿರುಗಿತು, ಕೆಂಪು ದೀಪ ಹತ್ತಿತು, ಆರಲಿಲ್ಲ. ಮುಚ್ಚಳ ಬಿಚ್ಚಿದೆ. ಒಳಗೆ ಅಷ್ಟು ಸ್ವಚ್ಛವಾಗಿದ್ದ ಹಳೆಯ ಕಂಪ್ಯೂಟರನ್ನು ನಾನು ನನ್ನ ನೌಕರಿಯಲ್ಲೇ ಕಂಡಿಲ್ಲ. ಡಿಸ್ಕಿನ ಮೇಲೆ ಬೆರಳಿನಿಂದ ಎಳೆದ ಕುಂಕುಮ ಒಣಗಿತ್ತು. ಪಕ್ಕದಲ್ಲಿ ಕೇಬಲ್ಲಿನ ಕೆಂಪು ಗೆರೆ ಇರಬಾರದ ಬದಿಗೆ ಇತ್ತು.

ನೋಡಿದ ಕೂಡಲೇ ತಿಳಿಯಿತು. ಕೈ ಮುಂದೆ ಹೋಗಲಿಲ್ಲ. ಹೊರಗೆ ಟೆಂಪೊದವನು ಹಗ್ಗ ಬಿಚ್ಚುತ್ತಿದ್ದ. ಇದು ಬೇರೇನಾದರೂ ಆಗಿರಬಾರದಿತ್ತೇ, ನಿಜವಾಗಿಯೇ ಸತ್ತಿರಬಾರದಿತ್ತೇ ಎಂದು ನನಗನ್ನಿಸಿತು. ಡಿಸ್ಕು ಬದುಕಿರಲಿ ಎಂದು ಹಾರೈಸುತ್ತಲೇ ನೌಕರಿ ಕಳೆದವಳು ನಾನು. ಆ ಒಂದು ಗಳಿಗೆ ಸತ್ತಿರಲಿ ಎಂದು ಬೇಡಿಕೊಂಡೆ.

ಕರೆಂಟು ತೆಗೆದು, ಕೇಬಲ್ಲು ಕಿತ್ತು, ಪಿನ್ನುಗಳನ್ನು ಸ್ಪಿರಿಟಿನಿಂದ ಒರೆಸಿ, ತಿರುಗಿಸಿ ಕೂರಿಸಿದೆ. ಮತ್ತೆ ಕರೆಂಟು ಕೊಟ್ಟೆ. ದೀಪ ಮಿನುಗಿ ಆರಿತು, ಕರ್ರ್ ಕರ್ರ್ ಎಂದು ಓದುವ ಸದ್ದು ಬಂತು, ಶರಣಪ್ಪ ಇಟ್ಟದ್ದೆಲ್ಲ ಪರದೆಯ ಮೇಲೆ ಬಂದು ನಿಂತಿತು. ಯಾವುದನ್ನೂ ಮುಟ್ಟುವ ಮೊದಲು ಪೂರ್ತಿ ನಕಲು ಮಾಡಿಕೊಂಡೆ, ಅದು ರೂಢಿ. ಮಲ್ಲಮ್ಮ ಎದ್ದು ನಿಂತಿದ್ದಳು.

“ಇಷ್ಟ ಏನ್ರಿ?” ಎಂದಳು.

“ಇಷ್ಟ ನೋಡು,” ಎಂದೆ.

ನಾಗಪ್ಪ ಹತ್ತಿರ ಬಂದ. “ಏನಾಗಿತ್ರಿ ಮೇಡಮ್ಮರ?”

“ಕೇಬಲ್ಲು ಉಲ್ಟಾ ಆಗಿತ್ತು.”

ಅವನು ಬಗ್ಗಿ ಕೇಬಲ್ಲು ನೋಡಿದ. “ಅಂದ್ರ ವೈನಿ ಕೈಯಿಂದನ ಆಗ್ಯದಲ್ರಿ ಹಂಗಾರ.”

ಅತ್ತಿಗೆಯ ಮೇಲೆ ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ, ಲೆಕ್ಕ ಹಾಕಿ ಅಂದದ್ದು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. “ಕೈಯಿಂದ ಆಗ್ಯದಪಾ, ಕುಂಕುಮದಿಂದಲ್ಲ. ಈ ತಪ್ಪು ನಾ ಮಾಡೀನಿ, ನಮ್ಮ ಆಫೀಸಿನ್ಯಾಗ ಒಬ್ಬರು ಬಿಡದಂಗ ಎಲ್ಲಾರೂ ಮಾಡ್ಯಾರ. ನನ್ನ ಗಂಡ ಗಟ್ಟಿಮುಟ್ಟಾಗಿ ಇದ್ದಾಗ, ಹಣಿ ತುಂಬ ಕುಂಕುಮ ಇಟ್ಕೊಂಡು ಮಾಡೀನಿ. ನೀನ ಪೂಜಿ ಮಾಡಿದ್ರೂ ಹಿಂಗ ಆಗಬಹುದಿತ್ತು. ಮನಿಗೆ ಹೋಗಿ ನಿಮ್ಮವ್ವಗ ಇದನ್ನ ಹೇಳು. ಹೇಳ್ತಿಯೋ ಇಲ್ಲೋ?”

“ಹೇಳ್ತೀನ್ರಿ,” ಎಂದು ತಲೆ ತಗ್ಗಿಸಿದ.

ಜಗತಾಪರಿಗೆ ಕನ್ನಡ ಬಾರದು, ಆದರೆ ಎಲ್ಲ ತಿಳಿದಿತ್ತು. ನನ್ನನ್ನು ಬದಿಗೆ ಕರೆದು ಮರಾಠಿಯಲ್ಲಿ, “ತಾಈ, ನಾನೂ ಹೆಂಡತಿ ಮಕ್ಕಳಿದ್ದವನು. ಸತ್ತ ಮಶೀನು ಎಂದು ಕೊಂಡೆ. ಆಕೆ ಬೇಕೆಂದರೆ ವ್ಯವಹಾರ ಬಿಟ್ಟುಬಿಡುತ್ತೇನೆ, ಕೇಳಿ ನೋಡಿ,” ಎಂದರು. ಅವರ ಮೇಲೆ ನನಗೆ ಎಂದೂ ಇಲ್ಲದ ಗೌರವ ಬಂತು. ಓಡಿಹೋಗಿ ಮಲ್ಲಮ್ಮನಿಗೆ ಹೇಳಿದೆ.

ಆಕೆ ಸುತ್ತ ಒಮ್ಮೆ ನೋಡಿದಳು. “ಇಟ್ಕೊಂಡು ಏನ್ ಮಾಡ್ಲಿ ರೀ ಅಕ್ಕಾರ? ರಾಂಜಣಗಾಂವದ ಆರ್ಡರು ಬ್ಯಾರೇದವರಿಗಿ ಹೋಯ್ತು. ಕೆಲಸಕ್ಕಿದ್ದ ಇಬ್ಬರೂ ಬ್ಯಾರೆ ಕಡಿ ಹತ್ಯಾರ. ಶೆಡ್ಡು ಚೀಲದವರಿಗಿ ಕೊಟ್ಟಾಗ್ಯದ. ಮಶೀನ್ ಒಂದು ಹೊತ್ಕೊಂಡು ಎಲ್ಲಿ ನಿಂದರಲಿ?”

ನಾನು ಏನೇನೋ ಹೇಳಿದೆ, ಬೇರೆ ಶೆಡ್ಡು ನೋಡೋಣ, ಕಂಪನಿಗೆ ನಾನೇ ಬಂದು ಮಾತಾಡುತ್ತೇನೆ ಎಂದೆ. ಆಕೆ ಕೇಳಿಸಿಕೊಂಡಳು. ಆಮೇಲೆ ಜಗತಾಪರ ಕಡೆ ತಿರುಗಿ, ತನಗೆ ಬಂದಷ್ಟು ಮರಾಠಿಯಲ್ಲಿ, ಸುರುಳಿಯಲ್ಲಿ ಸ್ವಲ್ಪ ತಂತಿ ಉಳಿದಿದೆ, ಅದು ಮುಗಿಯುವವರೆಗೆ ನಡೆಸಲೇ ಎಂದು ಕೇಳಿದಳು. ಅವರು ಕೈಯಾಡಿಸಿ, ನಡೆಸಿ ಎಂದರು.

ಮಲ್ಲಮ್ಮ ಸೆರಗು ಸಿಕ್ಕಿಸಿ ತಂತಿ ಏರಿಸಿದಳು, ಕೀಬೋರ್ಡಿನ ಮೇಲೆ ಎರಡು ಗುಂಡಿ ಒತ್ತಿದಳು. ಟಕ್ ಟಕ್ ಎಂದು ಸ್ಪ್ರಿಂಗುಗಳು ತಟ್ಟೆಗೆ ಬೀಳತೊಡಗಿದವು. ಮೊದಲಿನ ಕೆಲವನ್ನು ಬೆರಳಲ್ಲಿ ಒತ್ತಿ ನೋಡಿ ಎಸೆದಳು, ಒಂದು ಸ್ಕ್ರೂ ತುಸು ಬಿಗಿದಳು, ಆಮೇಲಿನವು ಸರಿ ಬಂದವು. ಟೆಂಪೊದವನು ಬಾಗಿಲಿಗೆ ಬಂದು ಗೊಣಗಿದ, ಜಗತಾಪರು ಸುಮ್ಮನಿರು ಎಂದು ಸನ್ನೆ ಮಾಡಿದರು. ತಂತಿ ಮುಗಿಯುವವರೆಗೆ ನಾವೆಲ್ಲ ನಿಂತೇ ಇದ್ದೆವು. ಮುಗಿದ ಮೇಲೆ ಆಕೆಯೇ ಸ್ವಿಚ್ಚು ಆರಿಸಿ, “ಒಯ್ರಿ,” ಎಂದಳು.

ಯಂತ್ರ ಏರಿಸಿ ಟೆಂಪೊ ಹೋಯಿತು, ನಾಗಪ್ಪ ಅದರ ಜೊತೆ ಹೋದ. ನನಗೆ ಸಂಕಟ ತಡೆಯಲಿಲ್ಲ. ನನ್ನ ಸಂಕಟ ಯಾವಾಗಲೂ ಸಿಟ್ಟಾಗಿಯೇ ಹೊರಗೆ ಬರುವುದು. “ಅಲ್ಲವಾ ಮಲ್ಲಮ್ಮಾ,” ಎಂದೆ. “ಅಂವ ಯಾವನೋ ಬಂದು ಸತ್ತದ ಅಂದ್ರ ಅದನ್ನ ನಂಬೋದಾ? ಮನ್ಯಾಗ ಏನರ ಅಂದ್ರ ಅದನ್ನೂ ನಂಬೋದಾ? ಇನ್ನೊಬ್ಬರನ್ನ ಕರಿಸಬಾರದಿತ್ತಾ? ಇದ ಪುಣೆದಾಗ ನಾ ಇದ್ದೆ. ನನ್ನಂಥವರು ಇನ್ನೂ ನಾಕ ಮಂದಿ ಅದಾರ.”

ಮಲ್ಲಮ್ಮ ನೆಲದ ಮೇಲೆ ಬಿದ್ದಿದ್ದ ಸ್ಪ್ರಿಂಗುಗಳನ್ನು ಆರಿಸುತ್ತಿದ್ದಳು.

“ಅವರ ಮಾತು ನಾ ನಂಬಿಲ್ರಿ ಅಕ್ಕಾರ,” ಎಂದಳು. “ಅತ್ತಿ ಅನ್ನೋಕಿಂತ ಮೊದಲ ನಾನ ಅಂದ್ಕೊಂಡಿದ್ನಿ. ಮಶೀನ್ ಕೆಟ್ಟದ ಅಂತ ತಿಳಿದಿದ್ರ ಯಾರ್ನರ ಕರಸ್ತಿದ್ನಿ. ನನ್ನ ಕೈ ಹತ್ತಿ ಹೋಗ್ಯದ ಅಂತ ತಿಳ್ಕೊಂಡಾಕಿ, ಯಾರ್ನ ಕರಸಲಿ?”

ಆಕೆ ಶೆಡ್ಡಿನ ಬಾಗಿಲು ಎಳೆದು, ಬೇಡವೆಂದರೂ ಕೇಳದೆ ನನ್ನ ಟೂಲ್ ಬ್ಯಾಗು ಎತ್ತಿಕೊಂಡು, ರಿಕ್ಷಾ ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟಳು.